ಅಸಿಟೋನ್, ಅತ್ತೆಟೋನ್

ನನ್ನ ಅತ್ತೆ ಗಿರಿಜಾದೇವಿಯವರ ದನಿಯನ್ನು ನಾನು ಅವರಿಗಿಂತ ಚೆನ್ನಾಗಿ ಆಡುತ್ತೇನೆ. ಇದು ಜಂಬವಲ್ಲ. ಹೋದ ತಿಂಗಳು ಗದಗಿನಿಂದ ಅವರ ತಂಗಿ ಫೋನ್ ಮಾಡಿದಾಗ ನಾನೇ ಎತ್ತಿಕೊಂಡು, ನಾಲ್ಕು ನಿಮಿಷ ಅವರ ದನಿಯಲ್ಲಿ ಮಾತಾಡಿ, ಮೊಣಕಾಲು ನೋವಿನ ವರದಿ ಒಪ್ಪಿಸಿ, ಯಾವ ಎಣ್ಣೆ ತಿಕ್ಕಬೇಕೆಂಬ ಸಲಹೆಯನ್ನೂ ಪಡೆದು ಇಟ್ಟಿದ್ದೆ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ಗದಗಿನ 'ರಿ' ಅಷ್ಟು ಸಲೀಸಾಗಿ ದಕ್ಕುವುದು ಸಣ್ಣ ಸಂಗತಿಯಲ್ಲ.

"ಅಳ್ಯಾರು ಭಾಳ ನಕಲಿ ಮಾಡ್ತಾರ" ಎಂದು ಅತ್ತೆ ಆಗಾಗ ಹೇಳುತ್ತಾರೆ. ಅವರ ಕಡೆ ನಕಲಿ ಎಂದರೆ ಅಣಕ, ತಮಾಷೆ. ನಮ್ಮ ಕಡೆ ನಕಲಿ ಎಂದರೆ ಡೂಪ್ಲಿಕೇಟ್. ಆ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಎರಡೂ ಇದ್ದವು. ಅಣಕ ನನ್ನ ಬಾಯಲ್ಲಿ, ಡೂಪ್ಲಿಕೇಟು ನನ್ನ ಹೆಂಡತಿ ಸೌಜನ್ಯಳ ಹತ್ತೂ ಬೆರಳ ತುದಿಯಲ್ಲಿ.

ಬದನೆಕಾಯಿ ಬಣ್ಣದ, ಬದನೆಕಾಯಿಗಿಂತ ಹೊಳಪಿನ, ಅರ್ಧ ಇಂಚು ಹೊರಚಾಚಿದ ಅಕ್ರಿಲಿಕ್ ಉಗುರುಗಳು. ಪಕ್ಕದ ಮನೆಯ ತನುಶ್ರೀ ಕೊಟ್ಟ ಉಡುಗೊರೆ. ಸೌಜನ್ಯಳಿಗೆ ಕೆಲಸ ಸಿಕ್ಕಿದ ಖುಷಿಗೆ ಅವಳನ್ನು ಸಲೂನಿಗೆ ಕರೆದೊಯ್ದು ಹಾಕಿಸಿದ್ದಳು. ಶನಿವಾರ ಹತ್ತಿರದ ಊರು ಐಸೆಲಿನ್‌ನಲ್ಲಿ ಒಂದು ನಿಶ್ಚಿತಾರ್ಥ, ಅಲ್ಲಿ ಮೆರೆಸುವುದು. ಭಾನುವಾರ ಎರಡು ಗಂಟೆಗೆ ಅದೇ ಸಲೂನಿನಲ್ಲಿ ತೆಗೆಸುವುದು. ಸೋಮವಾರ ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹಾಜರು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹಿಮಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾವಿರುವ ಮನ್ರೋದಲ್ಲಿ, ಹಿಮದಡಿ ನಮ್ಮ ಡ್ರೈವ್‌ವೇ ಇತ್ತೆಂಬುದಕ್ಕೆ ಮೇಲ್‌ಬಾಕ್ಸ್ ಒಂದೇ ಸಾಕ್ಷಿ. ಹತ್ತು ಗಂಟೆಗೆ ಸಲೂನಿನಿಂದ ಮೆಸೇಜು ಬಂತು: ಸ್ಟಾರ್ಮ್ ಇರುವುದರಿಂದ ಇವತ್ತು ತೆರೆಯುವುದಿಲ್ಲ, ಮಂಗಳವಾರ ಬನ್ನಿ.

ಸೌಜನ್ಯ ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟಳು. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಹೊಸಗೂಸುಗಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಈ ದೇಶಕ್ಕೆ ಬಂದ ಮೇಲೆ ವೀಸಾ ಎಂದು, ವರ್ಕ್ ಪರ್ಮಿಟ್ ಎಂದು, ಲೈಸೆನ್ಸ್ ಪರೀಕ್ಷೆ ಎಂದು ಆರು ವರ್ಷ ಮನೆಯಲ್ಲಿ ಕಳೆದಿದ್ದಳು. ಈಗ ಮತ್ತೆ ಅದೇ ವಾರ್ಡು ಸಿಕ್ಕಿತ್ತು. ಆಸ್ಪತ್ರೆಯ ಪತ್ರದಲ್ಲಿ ದಪ್ಪಕ್ಷರದ ಒಂದು ಸಾಲಿತ್ತು: ಕೃತಕ ಉಗುರಿಗೆ ಅವಕಾಶವಿಲ್ಲ, ಮೊದಲ ದಿನವೇ ಕೈ ನೋಡಲಾಗುವುದು, ಅಂಥ ಉಗುರು ಇದ್ದವರು ಮುಂದಿನ ತಂಡದ ಜೊತೆ ಏಪ್ರಿಲ್‌ನಲ್ಲಿ ಬರತಕ್ಕದ್ದು.

"ಇಂಥಾ ಉಗುರಿನ ಕೆಳಗ ಎಷ್ಟ ಕೊಳೆ ಕೂಡ್ತೈತಿ ಅಂತ ಟ್ರೇನಿಂಗಿನ್ಯಾಗ ನಾನ ಪಾಠ ಮಾಡೀನಿ" ಎಂದಳು. "ನಂಗ ಬುದ್ಧಿ ಎಲ್ಲಿ ಹೋಗಿತ್ತು ನಿಹಾಲ್?"

"ಬೆರಳ ತುದಿಗೆ ಬಂದಿತ್ತು, ಅಲ್ಲಿ ಅಂಟು ಹಾಕಿ ಮುಚ್ಚಿದರು" ಎಂದೆ. ಅವಳು ನಗಲಿಲ್ಲ. ನಾನು ಗ್ಯಾರೇಜಿಗೆ ಹೋಗಿ ಇಕ್ಕಳ ತಂದೆ.

ಅತ್ತೆ ಮೇಜಿನಾಚೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಗದಗಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವರು. ಯಾರ ಕೈಯಲ್ಲಿ ಏನಿದೆ ಎಂದು ತಲೆಯೆತ್ತದೆ ಕಾಣಬಲ್ಲರು. "ಉಗುರಿಲೆ ಹೋಗೂದಕ್ಕ ಕೊಡ್ಲಿ ಯಾಕ್ರಿ ಅಳ್ಯಾರ?" ಎಂದರು.

"ಅತ್ತೆ, ಇಲ್ಲಿ ಹೋಗಬೇಕಾದ್ದೇ ಉಗುರು. ಅದಕ್ಕೆ ಗಾದೆಯಲ್ಲಿ ಎಂತ ಉಂಟು?"

"ಗಾದಿ ಇಲ್ಲ. ಬುದ್ಧಿ ಐತಿ. ಅದನ್ನ ಒಳಗಿಟ್ಟ ಬರ್ರಿ."

ಇಕ್ಕಳ ಗ್ಯಾರೇಜಿಗೆ ಮರಳಿತು. ಸೌಜನ್ಯ ತನುಶ್ರೀಗೆ ಫೋನ್ ಮಾಡಿದಳು. ತನುಶ್ರೀ ಬೆಂಗಳೂರಿನವಳು, ಸಲೂನಿಗೆ ಹೋಗುವುದಕ್ಕಿಂತ ಮನೆಯಲ್ಲೇ ತೆಗೆದು ಅಭ್ಯಾಸವಿರುವವಳು. ಮೊಣಕಾಲುದ್ದದ ಬೂಟು ಹಾಕಿ ಹಿಮ ತುಳಿದು ಬಂದು, ಬಾಗಿಲಲ್ಲೇ ಒಂದು ಬಾಟಲಿ, ಉಗುರು ಉಜ್ಜುವ ಒಂದು ಅರ, ತೆಳ್ಳಗಿನ ಮರದ ಕಡ್ಡಿ ಕೊಟ್ಟಳು.

"ನೋಡು ಸೌಜು, ಫಸ್ಟ್ ಉದ್ದ ಕಟ್ ಮಾಡ್ಕೊ. ಆಮೇಲೆ ಮೇಲಿನ ಶೈನ್ ಹೋಗೋ ತನಕ ಉಜ್ಜು, ನಿನ್ನ ಸ್ವಂತ ಉಗುರಿಗೆ ತಾಗಬಾರ್ದು. ಸುತ್ತ ಚರ್ಮಕ್ಕೆ ವ್ಯಾಸಲೀನ್ ಹಚ್ಚು. ಹತ್ತಿ ಅಸಿಟೋನಲ್ಲಿ ಅದ್ದಿ ಉಗುರ ಮೇಲಿಟ್ಟು ಫಾಯಿಲ್ ಸುತ್ತು. ಅರ್ಧ ಗಂಟೆ. ತಾನಾಗೇ ಮೆತ್ತಗಾಗುತ್ತೆ, ಕಡ್ಡೀಲಿ ಮೆಲ್ಲಗೆ ತಳ್ಳು. ಬರ್ಲಿಲ್ವಾ, ಮತ್ತೆ ಸುತ್ತು. ಎಳೀಬೇಡ, ಪ್ಲೀಸ್. ನಾನು ಒಂದ್ಸಲ ಎಳ್ದಿದ್ದೆ, ಮೂರು ತಿಂಗಳು ಕಿತ್ತಳೆ ಸುಲಿಯಕ್ಕಾಗ್ಲಿಲ್ಲ. ಕಿಟಕಿ ತೆಗ್ದಿಡಿ, ವಾಸನೆ ಬರುತ್ತೆ." ಇನ್ನೇನೋ ಹೇಳುವವಳಿದ್ದಳು. ಅವಳ ಮನೆಯಿಂದ ಮಗಳು ಕೂಗಿದಳು, ಓಡಿದಳು.

ಆ ಇನ್ನೇನೋ ಏನೆಂಬುದು ಬಾಟಲಿಯ ಹಿಂದೆ ಕೆಂಪಕ್ಷರದಲ್ಲಿ ಬರೆದಿತ್ತು. ನಾನು ಬಾಟಲಿಯ ಮುಂಭಾಗ ಮಾತ್ರ ಓದುವ ಮನುಷ್ಯ.

ಅಡುಗೆಮನೆಯ ಮೇಜಿಗೆ ಹಳೆಯ ಪೇಪರ್ ಹಾಸಿ ಕೂತೆವು. ಕಿಟಕಿಯನ್ನು ನಾಲ್ಕು ಬೆರಳು ತೆರೆದೆ, ಹಿಮ ಒಳಗೆ ಬಂದು ಪರಿಚಯ ಮಾಡಿಕೊಂಡಿತು, ಎರಡು ಬೆರಳಿಗೆ ಇಳಿಸಿದೆ. ಮೊದಲು ಎಡಗೈ. ಉದ್ದ ಕತ್ತರಿಸಿದೆ, ಅರದಿಂದ ಉಜ್ಜಿದೆ, ಬದನೆಕಾಯಿಯ ಪುಡಿ ಪೇಪರ್ ಮೇಲೆ ಉದುರಿತು. ವ್ಯಾಸಲೀನ್ ಹಚ್ಚಿದೆ. ಸ್ಟೀಲ್ ಬಟ್ಟಲಿಗೆ ಅಸಿಟೋನ್ ಸುರಿದು ಹತ್ತಿ ಅದ್ದಿದೆ. ರೊಟ್ಟಿ ಕಟ್ಟುವ ಫಾಯಿಲನ್ನು ತುಂಡು ಮಾಡಿ ಒಂದೊಂದು ಬೆರಳಿಗೂ ಸುತ್ತಿದೆ.

ಮಹಡಿಗೆ ಹೊರಟಿದ್ದ ಅತ್ತೆ ನಿಂತು ನೋಡಿದರು. "ಐದ ಮಂದಿಗೆ ಬುತ್ತಿ ಕಟ್ಟಿದಂಗ ಐತಿ" ಎಂದು, ಬೆಳಗಿನ ಪೂಜೆಯ ನಂತರದ ನಿದ್ದೆಗೆ ಮೆಟ್ಟಿಲು ಹತ್ತಿದರು.

ಅರ್ಧ ಗಂಟೆ ಬಿಟ್ಟು ಫಾಯಿಲ್ ಬಿಚ್ಚಿದಾಗ ಅಕ್ರಿಲಿಕ್ಕು ಹಳಸಿದ ಗಂಜಿಯ ಕೆನೆಯಂತೆ ಸುಕ್ಕುಗಟ್ಟಿತ್ತು. ಕಡ್ಡಿಯಿಂದ ತಳ್ಳಿದೆ. ಜಾರಿತು. ಒಂದು, ಎರಡು, ಐದು. ಕೆಳಗಿನಿಂದ ಸೌಜನ್ಯಳ ಸ್ವಂತ ಉಗುರುಗಳು, ಸ್ವಲ್ಪ ಬಿಳಿಚಿಕೊಂಡು, ಬೆಳಕಿಗೆ ಬಂದವು. ಇಬ್ಬರೂ ಉಸಿರು ಬಿಟ್ಟೆವು.

"ಇನ್ನ ಐದು" ಎಂದಳು. ಬಲಗೈಗೆ ಸುತ್ತುವಷ್ಟರಲ್ಲಿ ಹನ್ನೆರಡಾಗಿತ್ತು. ಸೋಮವಾರಕ್ಕೆ ಮುಂಚೆ ಆಸ್ಪತ್ರೆಯ ಒಂದು ಆನ್‌ಲೈನ್ ಪಾಠವನ್ನೂ ಅವಳು ಮುಗಿಸಬೇಕಿತ್ತು. ಲ್ಯಾಪ್‌ಟಾಪ್ ತಂದಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಟ್ಟೆ. ಪಾಠದ ಹೆಸರು: ಬೆಂಕಿ ಅವಘಡ ತಡೆಯುವ ಬಗೆ.

ಮೇಜಿನಿಂದ ಎರಡು ಹೆಜ್ಜೆಗೆ ಕೌಂಟರ್. ಕೌಂಟರಿನ ಮೂಲೆಯಲ್ಲಿ ಅತ್ತೆಯ ಪೂಜೆಯ ಗೂಡು. ಗೂಡಿನಲ್ಲಿ ಹಿತ್ತಾಳೆಯ ದೀಪ, ಬೆಳಿಗ್ಗೆ ಹಚ್ಚಿದ್ದು, ಒಂದೇ ಬತ್ತಿಯಲ್ಲಿ ಉರಿಯುತ್ತಿತ್ತು. ಅತ್ತೆ ಬಂದ ಐದು ತಿಂಗಳಿಂದ ದಿನಾ ಉರಿಯುವ ದೀಪ. ಫ್ರಿಜ್ಜಿನ ಸದ್ದು ಹೇಗೆ ಕಿವಿಗೆ ಬೀಳುವುದಿಲ್ಲವೋ ಹಾಗೆ ಅದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಮುಂದಿನ ಸುತ್ತಿಗಿರಲೆಂದು ಬಟ್ಟಲಿಗೆ ಇನ್ನಷ್ಟು ಅಸಿಟೋನ್ ಸುರಿಯುತ್ತಿದ್ದಾಗ ಮಹಡಿಯಿಂದ ಅತ್ತೆಯ ದನಿ ಬಂತು. ವಾಸನೆ ಅಲ್ಲಿಗೂ ಏರಿತ್ತು.

"ಅಳ್ಯಾರ, ಅದೇನ ವಾಸನಿ?"

"ಅಸಿಟೋನ್ ಅತ್ತೆ. ಉಗುರಿಗೆ."

ಆಮೇಲೆ ಮಂಚ ಕಿರುಗುಟ್ಟಿತು. "ದೀಪಾ ದೊಡ್ಡದ ಮಾಡ್ರಿ ಮೊದಲ."

ಹೊರಗೆ ಹಿಮ, ಮಧ್ಯಾಹ್ನವೇ ಮುಸ್ಸಂಜೆಯಂತಿತ್ತು. ಸಣ್ಣ ಕೆಲಸ, ಮಂಕು ಬೆಳಕು. ಅಳಿಯನ ಕಣ್ಣಿನ ಮೇಲೆ ಅತ್ತೆಗೆ ಎಷ್ಟು ಕಾಳಜಿ ಎಂದು ಮನಸ್ಸು ತುಂಬಿತು. ಟ್ಯೂಬ್‌ಲೈಟ್ ಹಾಕಿ ಎನ್ನದೆ ದೀಪ ಎಂದದ್ದು ಹಿರಿಯರ ಭಕ್ತಿ ಇರಬಹುದು. ಕೈಯನ್ನು ಪೈಜಾಮಕ್ಕೆ ಒರೆಸಿ, ಕೌಂಟರಿಗೆ ಹೋಗಿ ಬತ್ತಿಯನ್ನು ಕಡ್ಡಿಯಿಂದ ಮುಂದೆ ತಳ್ಳಿದೆ. ಜ್ವಾಲೆ ಎದ್ದು ನಿಂತಿತು.

"ಮಾಡಿದ್ರಿ?"

"ಮಾಡಿದೆ ಅತ್ತೆ."

ಮೆಟ್ಟಿಲ ಮೇಲೆ ಒಂದು ಕಾಲು, ಬಿಡುವು, ಇನ್ನೊಂದು ಕಾಲು. ಮೊಣಕಾಲಿನ ಲಯ ಅದು. "ಪೂರ್ತಿ ದೊಡ್ಡದ ಮಾಡ್ರಿ ಮತ್ತ. ಅರ್ಧಾ ಮರ್ಧಾ ಮಾಡಬ್ಯಾಡ್ರಿ."

ಪೂರ್ತಿ ಎಂದರೆ ಪೂರ್ತಿ. ಡಬ್ಬಿಯಿಂದ ಇನ್ನೆರಡು ಬತ್ತಿ ತೆಗೆದು, ಎಣ್ಣೆಯಲ್ಲಿ ಅದ್ದಿ, ದೀಪದಲ್ಲಿಟ್ಟು ಹಚ್ಚಿದೆ. ಸಾಲದೇನೋ ಎಂದು ಎಣ್ಣೆಯನ್ನೂ ಹುಯ್ದೆ. ಮೂರು ನಾಲಿಗೆಯ ದೀಪ ಗೂಡನ್ನೆಲ್ಲ ಬೆಳಗಿತು. ಅದೇ ಬೆಳಕಿನಲ್ಲಿ ನಾನು ಬಾಟಲಿಯನ್ನು ತಂದು ಕೌಂಟರಿನ ಮೇಲೆ, ದೀಪದಿಂದ ಒಂದು ಮೊಳ ದೂರದಲ್ಲಿ, ಕಾಣಲೆಂದು ಇಟ್ಟೆ. ಮುಚ್ಚಳ ಮೇಜಿನ ಮೇಲೇ ಉಳಿದಿತ್ತು. ಸೌಜನ್ಯ ನನಗೆ ಬೆನ್ನು ಹಾಕಿ ಪರದೆಯ ಮೇಲಿನ ಅಗ್ನಿಶಾಮಕವನ್ನು ನೋಡುತ್ತ, ಬೆಳ್ಳಿಯ ಬೆರಳುಗಳನ್ನು ಗಾಳಿಯಲ್ಲಿ ಹಿಡಿದು ಕೂತಿದ್ದಳು.

ಅತ್ತೆ ಬಾಗಿಲಿಗೆ ಬಂದರು. ದೀಪ ನೋಡಿದರು. ಬಾಟಲಿ ನೋಡಿದರು. ನನ್ನ ಮುಖದ ಮೇಲಿದ್ದ ಸೇವಾಭಾವವನ್ನೂ ನೋಡಿದರು.

"ಅಲ್ಲಿಂದ ಅಲಗಾಡಬ್ಯಾಡ್ರಿ" ಎಂದರು. ದನಿ ಏರಲಿಲ್ಲ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಪುಂಡ ಹುಡುಗರಿಗೆ ಆಡಿದ ದನಿ ಅದು. ಅಸಿಟೋನಿಗಿಂತ ಅತ್ತೆಟೋನ್ ಸ್ಟ್ರಾಂಗು. ನಾನು ನಿಂತಲ್ಲೇ ಅಂಟಿಕೊಂಡೆ.

ಮೊಣಕಾಲು ನೋವು ಇಲ್ಲದವರಂತೆ ಬಂದರು. ಬಾಟಲಿ ಎತ್ತಿ, ಮೇಜಿನ ಮೇಲಿನ ಮುಚ್ಚಳ ತಿರುಗಿಸಿ ಬಿಗಿದು, ಪಕ್ಕದ ಊಟದ ಕೋಣೆಯಲ್ಲಿಟ್ಟರು. ಅಸಿಟೋನಿನ ಬಟ್ಟಲ ಮೇಲೆ ತಟ್ಟೆ ಮುಚ್ಚಿ ಅದನ್ನೂ ಒಯ್ದರು. ಸೌಜನ್ಯಳ ರಟ್ಟೆ ಹಿಡಿದು ಎಬ್ಬಿಸಿ ಅದೇ ಕೋಣೆಗೆ ನಡೆಸಿದರು. ಹಿಂದಿರುಗಿ ದೀಪದ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿದರು. ಮೂರು ನಾಲಿಗೆಯೂ ಒಂದೇ ಉಸಿರಿಗೆ ಒಳಗೆ ಹೋದವು. ಕಿಟಕಿಯನ್ನು ಪೂರ್ತಿ ಎತ್ತಿದರು. ಆಮೇಲೆ ಕುರ್ಚಿ ಎಳೆದು ಕೂತರು, ಮೊಣಕಾಲು ಹಿಡಿದುಕೊಂಡರು.

ಸೌಜನ್ಯ ಎಡಗೈಯಿಂದ ಹೆಡ್‌ಫೋನ್ ಕೆಳಗಿಳಿಸಿ ಬಾಗಿಲಿಗೆ ಬಂದಳು. "ಏನಾತು ಅವ್ವ?"

"ಏನೂ ಆಗಿಲ್ಲ. ಆಗೂದಿತ್ತು." ನನ್ನತ್ತ ತಿರುಗಿದರು. "ದೀಪಾ ದೊಡ್ಡದ ಮಾಡ್ರಿ ಅಂದ್ನೆಲ್ರಿ, ಅಳ್ಯಾರ?"

"ಮಾಡಿದ್ದೇ ಅಲ್ವಾ ಅತ್ತೆ? ಮೂರು ಬತ್ತಿ ಹಾಕಿದೆ. ಎಣ್ಣೆ ಸಹ ಹುಯ್ದೆ."

ಸೌಜನ್ಯ ನನ್ನನ್ನು ನೋಡಿದಳು, ಬೋರಲು ಬಿದ್ದ ಲೋಟವನ್ನು ನೋಡಿದಳು. ಹೊಟ್ಟೆಯೊಳಗಿನಿಂದ ಒಂದು ಸದ್ದು ಬಂತು, ಅಳುವೋ ನಗುವೋ ತಿಳಿಯಲಿಲ್ಲ. "ನಿಹಾಲ್. ದೊಡ್ಡದ ಮಾಡೂದಂದ್ರ ಆರಸೂದೋ."

"ಆರಿಸುವುದು ಅಂದ್ರೆ ಆರಿಸಿ ಅಂತ ಹೇಳಬಹುದಿತ್ತಲ್ಲ?"

"ದೀಪಕ್ಕ ಆರಸು ಅಂತಾರೇನ್ರಿ?" ಎಂದರು ಅತ್ತೆ. "ಮನಿ ದೀಪ ಆರೂದಿಲ್ಲ, ದೊಡ್ಡದಾಗತೈತಿ. ಬಳಿ ಒಡಿಯೂದಿಲ್ಲ, ಹೆಚ್ಚತೈತಿ. ನಿಮ್ಮ ಕಡೆ ಏನಂತೀರಿ?"

"ನಮ್ಮ ಕಡೆ ಶಾಂತ ಮಾಡು ಅಂತೇವೆ."

"ಶಾಂತ ಮಾಡು ಅಂದಿದ್ರ ನೀವು ಕೂತ ಅದಕ್ಕ ಜೋಗುಳ ಹಾಡ್ತಿದ್ರಿ."

ಆಗಬಹುದಾಗಿದ್ದದ್ದು ನನಗೆ ಆಗ ತಿಳಿಯಿತು, ತಡವಾಗಿ, ಪೋಸ್ಟಿನಲ್ಲಿ ಬಂದ ಹಾಗೆ. ಬೆರಳಿಗೆಲ್ಲ ಅಸಿಟೋನ್ ಹತ್ತಿ ಕಟ್ಟಿಕೊಂಡ ಹೆಂಡತಿ, ತೆರೆದ ಬಾಟಲಿ, ಅದೇ ಕೈಯಲ್ಲಿ ಬತ್ತಿ ಹಚ್ಚಿದ ನಾನು. ಪಕ್ಕದ ಕೋಣೆಗೆ ಹೋಗಿ ಬಾಟಲಿಯ ಹಿಂಭಾಗ ಓದಿದೆ. ಬೆಂಕಿ, ಕಿಡಿ, ಜ್ವಾಲೆಯಿಂದ ದೂರವಿಡಿ; ಇದರ ಆವಿಗೂ ಬೆಂಕಿ ಹತ್ತುತ್ತದೆ. ಅದನ್ನು ಗಟ್ಟಿಯಾಗಿ ಓದಿ ಅತ್ತೆಗೆ ಒಪ್ಪಿಸಿದೆ.

"ಒಂಬತ್ತನೇ ಇಯತ್ತೆ ಪಾಠ" ಎಂದರು. "ಆವಿ ನೆಲಾ ಹಿಡದ ಹರೀತೈತಿ. ನೀವ ದೀಪದ ಕಡೆ ಒಯ್ಯೂದು ಬ್ಯಾಡ, ಅದ ತಾನ ಹೋಗತೈತಿ."

ಊಟದ ಕೋಣೆಯ ಕಿಟಕಿಯನ್ನೂ ತೆರೆದೆವು. ಮೂವರೂ ವಿಂಟರ್ ಜಾಕೆಟ್ ತೊಟ್ಟು, ಟೊಪ್ಪಿ ಹಾಕಿ, ಸ್ವಂತ ಮನೆಯೊಳಗೆ ಬಸ್ಸಿಗೆ ಕಾಯುವವರಂತೆ ಕೂತೆವು. ಹೊತ್ತಾದ ಮೇಲೆ ಬಲಗೈಯ ಫಾಯಿಲ್ ಬಿಚ್ಚಿದೆ. ಕಿರುಬೆರಳು ಬಂತು, ಉಂಗುರದ ಬೆರಳು ಬಂತು, ನಡುಬೆರಳು, ತೋರುಬೆರಳು ಬಂದವು. ಹೆಬ್ಬೆರಳು ಬರಲಿಲ್ಲ.

ಕಡ್ಡಿಯಿಂದ ತಳ್ಳಿದೆ. ಅಂಚು ಎದ್ದಿತು, ನಡು ಹಿಡಿದಿತ್ತು. ಸೌಜನ್ಯ ಗಡಿಯಾರ ನೋಡಿದಳು. ಆರು ವರ್ಷ ಕಾದವಳಿಗೆ ಅರ್ಧ ಗಂಟೆ ತಡೆಯಲಾಗದ ಒಂದು ಗಳಿಗೆ ಬರುತ್ತದೆ. ಎಡಗೈಯ ಬೆರಳುಗಳಿಂದ ಆ ಅಂಚನ್ನು ಹಿಡಿದಳು.

"ಎಳದಬಿಡ್ತೀನಿ. ಒಂದ ಐತಿ."

"ಎಳೀಬ್ಯಾಡ" ಎಂದರು ಅತ್ತೆ. "ಅದರ ಬೆನ್ನಿಗೆ ನಿನ್ನ ಉಗುರಿನ ಪದರಾನೂ ಕಿತ್ತ ಬರತೈತಿ. ನಾಳೆ ಗಾಯದ ಕೈ ತೋರಿಸಿದ್ರ ಕೂಸಿನ ವಾರ್ಡಿಗೆ ಬಿಡ್ತಾರೇನು? ನೀನಾದ್ರ ಬಿಡ್ತಿದ್ದೇನು?"

ಸೌಜನ್ಯ ಕೈ ಬಿಟ್ಟಳು. "ಬಿಡ್ತಿರಲಿಲ್ಲ."

"ಮತ್ತ? ಸುತ್ರಿ ಅಳ್ಯಾರ. ಕಾಲು ತಾಸು."

ಹೊಸ ಹತ್ತಿ, ಹೊಸ ಫಾಯಿಲು. ಒಂದು ಹೆಬ್ಬೆರಳಿಗಾಗಿ ಮೂವರು ಕಾದೆವು. ಹಿಮ ಕಿಟಕಿಯ ಹಲಗೆಯ ಮೇಲೆ ಸಣ್ಣ ಗುಡ್ಡೆ ಕಟ್ಟುತ್ತಿತ್ತು. ನಾನು ಬಾಟಲಿಯ ಹಿಂಭಾಗವನ್ನು ಎರಡನೇ ಸಲ ಓದಿದೆ.

ಅತ್ತೆಯೇ ಬಾಯಿಬಿಟ್ಟರು. "ಹೊತ್ತ ಹೋಗವಲ್ದು. ನಕಲಿ ಮಾಡ್ರಿ ನೋಡೂಣು."

"ಯಾರದ್ದು ಅತ್ತೆ?"

"ನಂದ ಮಾಡ್ರಿ. ತಂಗಿ ಜೋಡಿ ನಾಕ ನಿಮಿಷ ಮಾಡಿದ್ರೆಲ್ಲ, ಅದು."

ಜಾಕೆಟ್ಟಿನೊಳಗೆ ನಾನು ಬೆವೆತೆ. "ನಿಮಗೆ ಗೊತ್ತಿತ್ತಾ?"

"ಅಕಿ ಅಂದ ಸಂಜೀಕ ಮತ್ತ ಫೋನ್ ಮಾಡಿದ್ಲು. ಅಕ್ಕಾ, ಮಧ್ಯಾಹ್ನ ನಿನ್ನ ದನಿ ಛಲೋ ಇತ್ತು, ಆದ್ರ ಮೊಣಕಾಲಿಗೆ 'ನೋವುಂಟು' ಅಂತಿದ್ದೆಲ್ಲ, ಯಾವಾಗ ಮಂಗಳೂರಾಕಿ ಆದಿ ಅಂದ್ಲು."

ಸೌಜನ್ಯ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಬೆಳಿಗ್ಗೆಯಿಂದ ಮೊದಲ ನಗು ಅದು. ನಾನು ಎದ್ದು ನಿಂತು, ಮೊಣಕಾಲು ಹಿಡಿದು, ಇಡೀ ಮಧ್ಯಾಹ್ನವನ್ನು ಅತ್ತೆಯ ದನಿಯಲ್ಲಿ ಆಡಿ ತೋರಿಸಿದೆ: ಅದೇನ ವಾಸನಿ, ಪೂರ್ತಿ ದೊಡ್ಡದ ಮಾಡ್ರಿ, ಅಲ್ಲಿಂದ ಅಲಗಾಡಬ್ಯಾಡ್ರಿ.

ಅತ್ತೆ ಕಣ್ಣು ಮುಚ್ಚಿ, ಪರೀಕ್ಷೆಯ ಉತ್ತರ ಕೇಳುವವರಂತೆ ಕೇಳಿದರು. "'ರಿ' ಭಾಳ ಛಲೋ ಬಂತು" ಎಂದರು. "ಅರ್ಥ ಅಷ್ಟ ಬರವಲ್ದು."

ಕಾಲು ತಾಸು ಕಳೆದಿತ್ತು. ಫಾಯಿಲ್ ಬಿಚ್ಚಿ ಕಡ್ಡಿ ತಾಗಿಸಿದೆ. ಹೆಬ್ಬೆರಳಿನ ಬದನೆಕಾಯಿ ಬೆಣ್ಣೆ ಸವರಿದಂತೆ ಜಾರಿ ಪೇಪರಿನ ಮೇಲೆ ಬಿತ್ತು. ಹತ್ತು.

ಹತ್ತಿಯನ್ನೂ ಫಾಯಿಲನ್ನೂ ಪೇಪರಿನಲ್ಲಿ ಸುತ್ತಿ ಹೊರಗಿನ ಕಸದ ಡಬ್ಬಕ್ಕೆ ಹಾಕಿ ಬಂದೆ. ಅಷ್ಟರಲ್ಲಿ ಅತ್ತೆ ಒಂದು ಬೋಗುಣಿ ನೀರು ತಂದಿದ್ದರು. ಸೌಜನ್ಯ ಹತ್ತೂ ಬೆರಳನ್ನು ಮುಳುಗಿಸಿದಳು.

"ಬಿಸಿ ಆತೇನ?"

"ಇಲ್ಲವ್ವ. ಉಗುರು ಬೆಚ್ಚಗೈತಿ" ಎಂದಳು, ಮತ್ತೆ ತಾನೇ ಆ ಮಾತನ್ನು ತಿರುಗಿ ಕೇಳಿದವಳಂತೆ ನನ್ನನ್ನು ನೋಡಿದಳು. "ಖರೇನ. ಒಂದ ವಾರದಿಂದ ಉಗುರಿಗೆ ಏನೂ ತಿಳೀತಿದ್ದಿಲ್ಲ."

ಶ್ಲೇಷೆ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಅದು ನೀರಿನ ಬೋಗುಣಿಯಲ್ಲಿ ಮೊದಲಿಂದಲೂ ಇತ್ತು. ಅತ್ತೆ ಕೊಬ್ಬರಿ ಎಣ್ಣೆ ತಂದು, ಮಗಳ ಉಗುರುಗಳಿಗೆ ಒಂದೊಂದಾಗಿ ಹಚ್ಚಿದರು. ತೆಳ್ಳಗಾಗಿದ್ದವು, ಅಲ್ಲಲ್ಲಿ ಬಿಳಿ ಮಚ್ಚೆ, ಆದರೆ ಎಲ್ಲೂ ಹರಿದಿರಲಿಲ್ಲ, ರಕ್ತವಿಲ್ಲ. ಮನೆಯ ವಾಸನೆಯೆಲ್ಲ ಹೋದ ಮೇಲೆ, ಸಂಜೆ, ಬಾಟಲಿಯನ್ನು ತನುಶ್ರೀಗೆ ಮುಟ್ಟಿಸಿ ಬಂದ ಮೇಲೆಯೇ ಅತ್ತೆ ದೀಪ ಹಚ್ಚಿದ್ದು. ಒಂದೇ ಬತ್ತಿ.

ಸೋಮವಾರ ಆರು ಗಂಟೆಗೆ ರಸ್ತೆ ತೆರವಾಗಿತ್ತು. ಸೌಜನ್ಯ ಸಮವಸ್ತ್ರ ತೊಟ್ಟು, ಬೂಟು ಕಟ್ಟಿ, ಬಾಗಿಲಲ್ಲಿ ನಿಂತು "ಬರ್ತೀನಿ" ಎಂದಳು. ಹೋಗುತ್ತಾಳೆ ಎಂದು ಈ ಸಲ ನನಗೆ ಸರಿಯಾಗಿಯೇ ಅರ್ಥವಾಯಿತು.

ಆಮೇಲೆ ನಾನೂ ಅತ್ತೆಯೂ ಚಹಾ ಇಟ್ಟುಕೊಂಡು ಕೂತೆವು. ನನ್ನ ಆಫೀಸಿನ ಮೀಟಿಂಗು ಎಂಟೂವರೆಗೆ. ಅಲ್ಲಿಯವರೆಗೆ ಇಬ್ಬರ ಕಣ್ಣೂ ಮೇಜಿನ ಮೇಲಿನ ಫೋನಿನ ಮೇಲೆ. ಏಳೂವರೆ ಆಯಿತು. ಏಳು ನಲವತ್ತು. ಚಹಾ ಆರಿತು, ಅದಕ್ಕೆ ಬೇರೆ ಮಾತು ಬೇಕಾಗಲಿಲ್ಲ. ಏಳು ಐವತ್ತೆರಡಕ್ಕೆ ಫೋನು ಬೆಳಗಿತು.

"ಕೈ ನೋಡಿದ್ರು. ಎರಡೂ ಕಡೆ ತಿರುವಿ ನೋಡಿದ್ರು. ಗುಡ್ ಅಂದ್ರು. ಒಳಗ ಅದೀನಿ."

ಓದಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಗಂಟಲು ಸರಿ ಮಾಡಿಕೊಂಡರು. ಆಮೇಲೆ ಮೂಗನ್ನು ಕೊಂಚ ಮೇಲೆತ್ತಿ, ನನ್ನದೇ ದನಿಯಲ್ಲಿ, ನನ್ನದೇ ರಾಗ ಎಳೆದು ಹೇಳಿದರು:

"ಎಂತ ಮಾರಾಯ್ರೆ, ಅಳ್ಲಿಕ್ಕೆ ಎಂತ ಉಂಟು? ಪಾಸಾಯ್ತಲ್ಲ."

ಸದ್ದೂ ಸರಿಯಿತ್ತು, ಅರ್ಥವೂ ಸರಿಯಿತ್ತು.